ಎಫ್1 ಕಾರಿನ ಹೊಗೆ ಬಿಡಿ, ವಿಮಾನದ ಹೊಗೆ ನೋಡಿ

ಪ್ರಶ್ನೆ: ಹೊಸೂರಿನ ಸಿಪ್‌ಕಾಟ್‌ನಲ್ಲಿ ವಾಹನದ ಬಿಡಿಭಾಗ ಮಾಡುವ ಕಂಪನಿಯಲ್ಲಿ ನನಗೆ ಕೆಲಸ. ಭಾನುವಾರ ಸಂಜೆ ಆರೂವರೆಗೆ ಟಿವಿಯಲ್ಲಿ ಎಫ್1 (ಫಾರ್ಮುಲಾ 1) ಕಾರ್ ರೇಸ್ ಹಾಕಿ ಕೂತರೆ ಕಾಲೇಜಿಗೆ ಹೋಗುವ ಮಗಳು ಜಗಳ ತೆಗೆಯುತ್ತಾಳೆ. 'ಸುಮ್ನೆ ಪೆಟ್ರೋಲ್ ಸುಡೋದನ್ನ ನೋಡ್ತಾ ಕೂತಿದ್ದೀರಲ್ಲ' ಅಂತ. 2030ಕ್ಕೆ ನೆಟ್ ಝೀರೊ ಆಗ್ತೀವಿ, ಅಂದರೆ ನಾವು ಬಿಡುವ ಇಂಗಾಲದ ಲೆಕ್ಕ ಸೊನ್ನೆಗೆ ತರ್ತೀವಿ ಅಂತ ಎಫ್1ನವರು ಹೇಳುತ್ತಾರೆ. ಟ್ರ್ಯಾಕ್ ಸುತ್ತ ನೋಡಿದರೆ ಎಣ್ಣೆ ಕಂಪನಿಯ ಬೋರ್ಡುಗಳು. ಇದು ನಿಜವೋ ನಾಟಕವೋ?

ಉತ್ತರ: ಮಗಳ ಸಿಟ್ಟು ಸರಿ, ಆದರೆ ಬೈಯಬೇಕಾದ್ದು ಕಾರನ್ನಲ್ಲ. ಕಾರು ಸುಡುವ ಪೆಟ್ರೋಲ್ ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. 2025ರವರೆಗಿನ ನಿಯಮದಲ್ಲಿ ಒಂದು ರೇಸಿಗೆ ಒಂದು ಕಾರಿಗೆ ಹೆಚ್ಚೆಂದರೆ 110 ಕೆಜಿ ಇಂಧನ. 20 ಕಾರಿನದ್ದು ಸೇರಿಸಿದರೂ 2,200 ಕೆಜಿ. ಈ ಕಾರು, ಸಾಮಾನುಗಳನ್ನು ದೇಶದಿಂದ ದೇಶಕ್ಕೆ ಹೊರುವ ಜಂಬೊ ವಿಮಾನ ಗಂಟೆಗೆ ಹೆಚ್ಚುಕಡಿಮೆ 10 ಟನ್ ಕುಡಿಯುತ್ತದೆ. ಅಂದರೆ ನೀವು ಕೂತು ನೋಡಿದ ಇಡೀ ರೇಸಿನ ಇಂಧನ ಅದಕ್ಕೆ ಕಾಲು ಗಂಟೆಗೂ ಸಾಲದು. ದೂರದ ದೇಶದಲ್ಲಿ ರೇಸ್ ಇದ್ದರೆ ಅಂಥ ಒಂದೇ ವಿಮಾನ ಸಾಕಾಗುವುದೂ ಇಲ್ಲ.

2019ರಲ್ಲಿ ಎಫ್1ನವರೇ ಇದರ ಲೆಕ್ಕ ಕೊಟ್ಟರು. 2018ರ ಸೀಸನ್ನಿಗೆ ಒಟ್ಟು 2,56,551 ಟನ್ ಇಂಗಾಲ. ಅದರಲ್ಲಿ ಕಾರಿನ ಎಂಜಿನ್ನಿನ ಪಾಲು ಶೇ 0.7. ಸಾಮಾನು ಸಾಗಣೆಗೆ ಶೇ 45, ಸಿಬ್ಬಂದಿಯ ಓಡಾಟಕ್ಕೆ ಸುಮಾರು ಶೇ 28. ಇದರಲ್ಲಿ ರೇಸ್ ನೋಡಲು ಬರುವ ಲಕ್ಷಾಂತರ ಜನರ ಓಡಾಟ ಸೇರಿಲ್ಲ. ಅದನ್ನು ಬಿಟ್ಟಿದ್ದು ಜಾಣತನ ಅಂತ ನನಗನಿಸುತ್ತದೆ, ಪ್ರಾಮಾಣಿಕತೆ ಅಂತ ಅಲ್ಲ.

ಇಷ್ಟೊಂದು ಹಾರಾಟ ಯಾಕೆ? ದುಡ್ಡು. 2022ರ ಜೂನ್ 12ರಂದು ಅಜರ್‌ಬೈಜಾನಿನ ಬಾಕುವಿನಲ್ಲಿ ರೇಸ್ ಇತ್ತು, ಮರುವಾರ 19ಕ್ಕೆ ಕೆನಡಾದ ಮಾಂಟ್ರಿಯಲ್‌ನಲ್ಲಿ. ಸುಮಾರು 9 ಸಾವಿರ ಕಿಲೋಮೀಟರ್ ದೂರ. ಬಾಕುವಿನಲ್ಲಿ ಭಾನುವಾರ ರಾತ್ರಿ ಗ್ಯಾರೇಜ್ ಬಿಚ್ಚಿ ಪೆಟ್ಟಿಗೆಗೆ ತುಂಬಿ, ಮುಂದಿನ ಶುಕ್ರವಾರದೊಳಗೆ ಅಟ್ಲಾಂಟಿಕ್ ಆಚೆ ಮತ್ತೆ ಕಟ್ಟಿ ನಿಲ್ಲಿಸಬೇಕು. ನಕ್ಷೆ ಮುಂದಿಟ್ಟುಕೊಂಡು ಕ್ಯಾಲೆಂಡರ್ ಬರೆಯುವವರು ಯಾರೂ ಹೀಗೆ ಬರೆಯುವುದಿಲ್ಲ, ಒಪ್ಪಂದದ ಕಾಗದ ಮುಂದಿಟ್ಟುಕೊಂಡವರು ಬರೆಯುತ್ತಾರೆ. ಯಾಕಂದರೆ ಎಫ್1ಗೆ ಬರುವ ಹಣದಲ್ಲಿ ಟಿವಿ ಹಕ್ಕು ಮತ್ತು ಪ್ರಾಯೋಜಕರ ಜೊತೆಗೆ ದೊಡ್ಡ ಪಾಲು ಬರುವುದು ಆಯಾ ದೇಶ ಅಥವಾ ಊರಿನವರು 'ನಮ್ಮಲ್ಲಿ ರೇಸ್ ಮಾಡಿ' ಅಂತ ಕಟ್ಟುವ ಶುಲ್ಕದಿಂದ. ದುಡ್ಡು ಕಟ್ಟಿದವರಿಗೆ ತಮಗೆ ಬೇಕಾದ ತಾರೀಕು ಬೇಕು. 2017ರಲ್ಲಿ ಅಮೆರಿಕದ ಲಿಬರ್ಟಿ ಮೀಡಿಯಾ ಕಂಪನಿ ಎಫ್1ನ್ನು ಕೊಂಡಿತು. 2018ರಲ್ಲಿ 21 ಇದ್ದ ರೇಸು 2024ಕ್ಕೆ 24 ಆಯಿತು. ಆ ವರ್ಷದ ಆದಾಯ ಸುಮಾರು 340 ಕೋಟಿ ಡಾಲರ್. ಒಂದು ರೇಸ್ ಜಾಸ್ತಿಯಾದರೆ ಹಣ ಜಾಸ್ತಿ, ಹಾರಾಟವೂ ಜಾಸ್ತಿ. ಇದೇ ಗಂಟು.

ಹಾಗಂತ ಪೂರ್ತಿ ನಾಟಕ ಅಂತಲೂ ಹೇಳಲಾರೆ. 2024ರ ಹೊತ್ತಿಗೆ ಇಂಗಾಲವನ್ನು 2018ಕ್ಕಿಂತ ಶೇ 26ರಷ್ಟು ಇಳಿಸಿದ್ದೇವೆ ಅಂತ ಅವರ ವರದಿ ಹೇಳುತ್ತದೆ, ಅದೂ ರೇಸು ಹೆಚ್ಚಾದ ಮೇಲೆ. ತಂಡಗಳ ಕಾರ್ಖಾನೆಗೆ ಹಸಿರು ವಿದ್ಯುತ್ ಬಂತು, ಯುರೋಪಿನ ಒಳಗೆ ಸಾಮಾನು ಸಾಗಿಸುವ ಲಾರಿಗಳಿಗೆ ಜೈವಿಕ ಇಂಧನ ಬಂತು. ಹಾರಾಟ ಕಮ್ಮಿಯಾಗಲಿ ಅಂತ 2024ರಲ್ಲಿ ಜಪಾನ್ ರೇಸನ್ನು ಏಪ್ರಿಲ್‌ಗೆ ತಂದು ಆಸ್ಟ್ರೇಲಿಯಾ, ಚೀನಾದ ಪಕ್ಕಕ್ಕೆ ಸೇರಿಸಿದರು. 2026ರ ಕ್ಯಾಲೆಂಡರ್‌ನಲ್ಲಿ ಕೆನಡಾವನ್ನು ಮೇ ತಿಂಗಳಿಗೆ, ಅಮೆರಿಕದ ಮಯಾಮಿಯ ನಂತರಕ್ಕೆ ಇಟ್ಟರು. ಇದನ್ನು ಹತ್ತು ವರ್ಷ ಮೊದಲೇ ಮಾಡಬಹುದಿತ್ತು, ಅದು ಬೇರೆ ಮಾತು. 2030ರ ಗುರಿಯಲ್ಲೂ ನಿಜವಾಗಿ ಇಳಿಸಬೇಕಾದ್ದು ಕನಿಷ್ಠ ಅರ್ಧ, ಉಳಿದದ್ದಕ್ಕೆ ಬೇರೆ ಕಡೆ ದುಡ್ಡು ಕೊಟ್ಟು ಸರಿದೂಗಿಸುವುದು. ನೆಟ್ ಝೀರೊ ಅಂದಾಗ ಈ ಎರಡನೇ ಅರ್ಧ ಯಾರ ಬಾಯಲ್ಲೂ ಬರುವುದಿಲ್ಲ.

ನನಗೆ ಬೇಸರ ತರಿಸಿದ್ದು ಝಾಂಡ್‌ವೋರ್ಟ್ ಕಥೆ. ನೆದರ್ಲೆಂಡ್ಸ್‌ನ ಕಡಲತೀರದ ಆ ಟ್ರ್ಯಾಕಿಗೆ ಜನ ಹೆಚ್ಚಾಗಿ ಬರುವುದೇ ರೈಲಲ್ಲಿ, ಸೈಕಲ್ಲಲ್ಲಿ. ಸುತ್ತಲಿನ ಮರಳುದಿಬ್ಬದ ಕಪ್ಪೆ, ಹಲ್ಲಿಗಳ ಪರವಾಗಿ ಪರಿಸರದವರು ಕೋರ್ಟಿಗೂ ಹೋಗಿದ್ದರು, ಗೆಲ್ಲಲಿಲ್ಲ. ಪ್ರೇಕ್ಷಕರ ಓಡಾಟದ ಮಟ್ಟಿಗೆ ಅದಕ್ಕಿಂತ ಒಳ್ಳೆಯ ಮಾದರಿ ಈ ಆಟದಲ್ಲಿ ಸಿಗುವುದು ಕಷ್ಟ. ಆದರೆ ಅದು ಖಾಸಗಿಯವರು ಸ್ವಂತ ದುಡ್ಡಿನಲ್ಲಿ ನಡೆಸುವ ರೇಸ್. 2026ರದ್ದೇ ಕೊನೆ ಅಂತ 2024ರ ಡಿಸೆಂಬರ್‌ನಲ್ಲಿ ಹೇಳಿಬಿಟ್ಟರು. ಅತ್ತ ಮರುಭೂಮಿಯ ಬಹ್ರೇನ್ ಜೊತೆ 2036ರವರೆಗೆ ಒಪ್ಪಂದ ಇದೆ. ಕೋರ್ಟಿನಿಂದ ಆಗದ್ದು ಲೆಕ್ಕದ ಪುಸ್ತಕದಿಂದ ಆಯಿತು.

ಈಗ ಎಣ್ಣೆ ಕಂಪನಿ. ಸೌದಿಯ ಅರಾಮ್ಕೊ 2020ರಿಂದ ಎಫ್1ನ ದೊಡ್ಡ ಪ್ರಾಯೋಜಕ. ಫೆರಾರಿ ತಂಡಕ್ಕೆ ಶೆಲ್, ಮರ್ಸಿಡಿಸ್ ತಂಡಕ್ಕೆ ಪೆಟ್ರೊನಾಸ್. ರೇಸ್ ಚಾಲಕ ಸೆಬಾಸ್ಟಿಯನ್ ವೆಟ್ಟೆಲ್ 2022ರಲ್ಲಿ ಕೆನಡಾದ ಟಾರ್ ಮರಳಿನ (ಎಣ್ಣೆ ತೆಗೆಯುವ ಮರಳು) ಗಣಿಗಾರಿಕೆ ನಿಲ್ಲಿಸಿ ಅಂತ ಬರೆದ ಟಿ-ಶರ್ಟ್ ಹಾಕಿಕೊಂಡು ಮಾಂಟ್ರಿಯಲ್ಲಿಗೆ ಬಂದ. ಆಗ ಅವನು ಓಡಿಸುತ್ತಿದ್ದ ಆಸ್ಟನ್ ಮಾರ್ಟಿನ್ ಕಾರಿನ ಮೇಲೆ ಇದ್ದದ್ದೂ ಅರಾಮ್ಕೊ ಹೆಸರೇ. ಇದು ದ್ವಂದ್ವ ಅಲ್ವಾ ಅಂತ ಟಿವಿಯಲ್ಲಿ ಕೇಳಿದಾಗ ಅವನು ಅಲ್ಲಗಳೆಯಲಿಲ್ಲ. ಅಷ್ಟು ನೇರ ಮಾತು ಆ ಕಂಪನಿಗಳಿಂದ ಬಂದದ್ದು ನಾನಂತೂ ಕೇಳಿಲ್ಲ.

ಆದರೆ 2026ರ ಇಂಧನ ನಿಯಮವನ್ನು ನಾನು ಗಂಭೀರವಾಗಿಯೇ ತೆಗೆದುಕೊಳ್ಳುತ್ತೇನೆ. ನೆಲದಡಿಯ ಎಣ್ಣೆ ಬೇಡ, ತಿನ್ನುವ ಬೆಳೆಯೂ ಬೇಡ, ಕಸದಿಂದಲೋ ಗಾಳಿಯ ಇಂಗಾಲದಿಂದಲೋ ಮಾಡಿ ಅಂತ ಷರತ್ತು. ಹೊಸೂರಿನವರಿಗೆ ಇದು ತಮಾಷೆಯಾಗಿ ಕಾಣಬಹುದು. 2025ರಲ್ಲಿ ನಿಮ್ಮ ಬಂಕಿನಲ್ಲಿ ಇ20, ಅಂದರೆ ಶೇ 20 ಎಥೆನಾಲ್ ಬೆರೆಸಿದ ಪೆಟ್ರೋಲ್, ಬಂದು ಮೈಲೇಜ್ ಹೋಯಿತು ಅಂತ ಎಲ್ಲರೂ ಗೊಣಗುವಾಗ ಎಫ್1 ಕಾರು ಓಡುತ್ತಿದ್ದದ್ದು ಶೇ 10ರಷ್ಟೇ ಎಥೆನಾಲ್ ಇರುವ ಇ10ನಲ್ಲಿ. ನಿಮ್ಮೂರಿನ ಟಿವಿಎಸ್ 2019ರಲ್ಲೇ ಪೂರ್ತಿ ಎಥೆನಾಲ್‌ನಲ್ಲಿ ಓಡುವ ಅಪಾಚೆ ಬೈಕ್ ತಂದಿತ್ತು. ನಮ್ಮ ಎಥೆನಾಲ್ ಬರುವುದು ಕಬ್ಬು, ಮೆಕ್ಕೆಜೋಳ, ಅಕ್ಕಿಯಿಂದ, ವ್ಯತ್ಯಾಸ ಅಲ್ಲಿದೆ.

ಒತ್ತಡ ನಿಜವಾಗಿ ಕೆಲಸ ಮಾಡಿದ್ದು ಎಂಜಿನ್ ಕಂಪನಿಗಳ ಮೂಲಕ. ಇಂಗಾಲ ಇಳಿಸುವ ಕೆಲಸಕ್ಕೆ ಹಣ ಬೇಕು ಅಂತ ಹೋಂಡಾ 2020ರಲ್ಲಿ ನಿರ್ಗಮನ ಘೋಷಿಸಿತು. 2026ರ ಹೊಸ ನಿಯಮದಲ್ಲಿ ಕಾರಿನ ಅರ್ಧದಷ್ಟು ಶಕ್ತಿ ವಿದ್ಯುತ್ತಿನಿಂದ ಅಂತಾದ ಮೇಲೆ 2023ರಲ್ಲಿ ವಾಪಸ್ ಬರ್ತೇವೆ ಅಂದಿತು. ಜರ್ಮನಿಯ ಆಡಿ ಕಂಪನಿ ಬಂದದ್ದೂ ಅದಕ್ಕೇ. ದುಡ್ಡು ಎದ್ದು ಹೊರಟಾಗ ನಿಯಮ ಬೇಗ ಬದಲಾಗುತ್ತದೆ. ಮಗಳಿಗೆ ಇದನ್ನು ಹೇಳಿ, ಅವಳ ಜಗಳಕ್ಕೆ ಇನ್ನೂ ಒಳ್ಳೆಯ ಸರಕು ಸಿಗುತ್ತದೆ.

ಪ್ರಶ್ನೆ: ನಾನು ಮಡಕಶಿರದವನು. 2023ರಲ್ಲಿ ಹೈದರಾಬಾದಿಗೆ ಹೋಗಿ ಬ್ಯಾಟರಿ ಕಾರುಗಳ ಫಾರ್ಮುಲಾ ಇ ರೇಸ್ ನೋಡಿದ್ದೆ. ಹೊಗೆ ಇಲ್ಲ, ಸದ್ದೂ ಕಮ್ಮಿ. ಪರಿಸರಕ್ಕೆ ಒಳ್ಳೆಯದಾದ ರೇಸೇ ಯಾಕೆ ನಿಂತುಹೋಯಿತು?

ಉತ್ತರ: ಬ್ಯಾಟರಿ ಕಾರಾದರೂ ಊರಿನ ರಸ್ತೆಯಲ್ಲಿ ಟ್ರ್ಯಾಕ್ ಕಟ್ಟೋಕೆ ದುಡ್ಡು ಬೇಕಲ್ಲ. 2023ರ ಫೆಬ್ರುವರಿ 11ರ ಆ ರೇಸ್ ಹುಸೇನ್ ಸಾಗರದ ದಡದಲ್ಲಿ ಚೆನ್ನಾಗಿಯೇ ನಡೆಯಿತು. ತೆಲಂಗಾಣದಲ್ಲಿ ಸರ್ಕಾರ ಬದಲಾಯಿತು. ಹೊಸ ಸರ್ಕಾರ ಹಳೆಯ ಒಪ್ಪಂದ ಮುಂದುವರಿಸುವುದಿಲ್ಲ ಅಂತಾದಾಗ 2024ರ ರೇಸನ್ನು ಒಂದು ತಿಂಗಳಷ್ಟೇ ಇರುವಾಗ ರದ್ದು ಮಾಡಿದರು. ಗ್ರೇಟರ್ ನೊಯ್ಡಾದಲ್ಲಿ 2011ರಿಂದ 2013ರವರೆಗೆ ಮೂರೇ ವರ್ಷ ನಡೆದ ಎಫ್1 ಕೂಡ ತೆರಿಗೆಯ ಜಗಳದಲ್ಲಿ ಸಿಕ್ಕಿಕೊಂಡಿತ್ತು. ಸದ್ಯಕ್ಕೆ ನಿಮಗೆ ಹತ್ತಿರದಲ್ಲಿ ರೇಸ್ ನೋಡಬೇಕು ಅಂದರೆ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ ಇದೆ, ಕೊಯಮತ್ತೂರಿನ ಕಾರಿ ಟ್ರ್ಯಾಕ್ ಇದೆ. ಎರಡೂ ಪೆಟ್ರೋಲ್ ವಾಸನೆಯ ಜಾಗಗಳೇ. ಹೋಗುವುದಾದರೆ ನಾಲ್ಕು ಜನ ಸೇರಿ ಒಂದೇ ಕಾರಲ್ಲಿ ಹೋಗಿ.