ಐದು ವರ್ಷದ ಮಗಳಿಗೆ ಅರಮನೆ ಥೀಮ್ ಹುಟ್ಟುಹಬ್ಬ: 3,000 ರೂಪಾಯಿಯಲ್ಲಿ ಮನೆಯಲ್ಲೇ ಹೇಗೆ ಮಾಡುವುದು?

ಮೂರು ವಾರದಲ್ಲಿ ಮಗಳಿಗೆ ಐದು ತುಂಬುತ್ತದೆ, ಅವಳು "ಅರಮನೆ ಥೀಮ್" ಬೇಕೆಂದು ಹಟ ಹಿಡಿದಿದ್ದಾಳೆ, ಅಲಂಕಾರ ಮಾಡುವವರು 12,000 ಕೇಳುತ್ತಿದ್ದಾರೆ, ನಮ್ಮ ಕೈಯಲ್ಲಿ 3,000 ಇದೆ, ಬಾಗಲಕೋಟೆಯ ನವನಗರದಲ್ಲಿ ಎರಡು ಕೋಣೆಯ ಮನೆ, ಮುಂದೆ ಚಿಕ್ಕ ಅಂಗಳ, ಬರುವವರು 12 ಮಕ್ಕಳು, ಏನಾದರೂ ದಾರಿ ಇದೆಯೇ ಎಂದು ಕೇಳಿದ್ದೀರಿ. ದಾರಿ ಇದೆ. ನಾನು ವಿಜಯಪುರದವಳು, ಇಬ್ಬರು ಮಕ್ಕಳ ತಾಯಿ, ಇದುವರೆಗೆ ಏಳು ಹುಟ್ಟುಹಬ್ಬಗಳನ್ನು ಮನೆಯಲ್ಲೇ ಮಾಡಿದ್ದೇನೆ. ಅವುಗಳಲ್ಲಿ ಅತ್ಯಂತ ಹೆಚ್ಚು ಖರ್ಚಾದದ್ದು ಮೊದಲನೆಯದು, ಅತ್ಯಂತ ಕೆಟ್ಟದಾಗಿ ನಡೆದದ್ದೂ ಅದೇ.

ಆ ಮೊದಲನೆಯದನ್ನು ಹೇಳಿಬಿಡುತ್ತೇನೆ. ಮಗಳಿಗೆ ಒಂದು ವರ್ಷ ತುಂಬಿದ್ದು ಮೇ ತಿಂಗಳಲ್ಲಿ. ನಾನು ಮಾಳಿಗೆಯ ಮೇಲೆ ಬಲೂನುಗಳ ಕಮಾನು ಕಟ್ಟಬೇಕೆಂದು ಹಟ ಹಿಡಿದು, ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಮನೆಮಂದಿಯನ್ನೆಲ್ಲ ಬಲೂನು ಊದಲು ಕೂರಿಸಿದೆ. ನಮ್ಮ ಊರಿನ ಮೇ ತಿಂಗಳ ಬಿಸಿಲು ಹೇಗಿರುತ್ತದೆಂದು ಹುಟ್ಟಿದಾಗಿನಿಂದ ಗೊತ್ತಿದ್ದರೂ, ಬಿಸಿಗೆ ಒಳಗಿನ ಗಾಳಿ ಹಿಗ್ಗುತ್ತದೆ ಎಂಬುದು ಆ ದಿನ ನನ್ನ ತಲೆಗೆ ಹೊಳೆಯಲಿಲ್ಲ. ನಾಲ್ಕು ಗಂಟೆಯ ಹೊತ್ತಿಗೆ ಅವು ಒಂದೊಂದಾಗಿ ಪಟಾಕಿಯಂತೆ ಒಡೆಯತೊಡಗಿದವು, ಪ್ರತಿ ಸದ್ದಿಗೂ ಕೂಸು ಕಿರುಚಿ ಅತ್ತಿತು, ಅತ್ತು ಅತ್ತು ಆರತಿಗೆ ಮುಂಚೆಯೇ ಮಲಗಿಬಿಟ್ಟಿತು. ಮಲಗಿದ ಕೂಸಿನ ಕೈ ಹಿಡಿದೇ ಕೇಕ್ ಕತ್ತರಿಸಿದೆವು. ಯಾರ ತಪ್ಪೂ ಅಲ್ಲ, ನನ್ನದೇ.

ಅಂದಿನಿಂದ ಥೀಮ್ ಎಂದರೆ ಗೋಡೆಗೆ ಅಂಟಿಸುವ ಸಾಮಾನು ಎಂಬ ಎಣಿಕೆಯನ್ನು ಬಿಟ್ಟೆ. ಗೋಡೆಯ ಅಲಂಕಾರ ಇರುವುದು ದೊಡ್ಡವರ ಫೋಟೊಕ್ಕೆ. ಮಕ್ಕಳು ಅದನ್ನು ಎರಡು ನಿಮಿಷ ನೋಡಿ ಮರೆಯುತ್ತಾರೆ. ನಾಲ್ಕೈದು ವರ್ಷದ ಮಗುವಿಗೆ ಬೇಕಾದದ್ದು ಒಳಗೆ ಹೋಗಿ ಬರಬಹುದಾದ, ಕೈಯಾರೆ ಮುಟ್ಟಿ ಆಡಬಹುದಾದ ಒಂದೇ ಒಂದು ದೊಡ್ಡ ವಸ್ತು. ಹಣ, ಸಮಯ, ಶ್ರಮ ಎಲ್ಲವನ್ನೂ ಅದೊಂದಕ್ಕೇ ಹಾಕಿ, ಉಳಿದದ್ದನ್ನು ಮನೆಯಲ್ಲಿರುವ ಸೀರೆ, ಮಾವಿನ ತೋರಣ, ರಂಗೋಲಿಗೆ ಬಿಟ್ಟುಬಿಡಿ. ಆದ್ದರಿಂದ ಮೊದಲು ಮಗಳನ್ನು ಕೂರಿಸಿಕೊಂಡು, ಅರಮನೆ ಹೇಗಿರಬೇಕು ಎಂದಲ್ಲ, ಅರಮನೆಯಲ್ಲಿ ನೀನು ಏನು ಮಾಡುತ್ತೀ ಎಂದು ಕೇಳಿ. ನನ್ನ ಮಗಳೂ ಐದನೆಯ ವರ್ಷಕ್ಕೆ ಅರಮನೆಯನ್ನೇ ಕೇಳಿದ್ದಳು. ಏನು ಮಾಡುತ್ತೀ ಎಂದದ್ದಕ್ಕೆ, "ಒಳಗ ಹೋಗಿ ಬಾಗಲಾ ಹಾಕ್ಕೊಂತೀನಿ, ಯಾರಿಗೂ ತಗ್ಯಾಂಗಿಲ್ಲ" ಎಂದಳು. ಅವಳಿಗೆ ಬೇಕಾಗಿದ್ದದ್ದು ಗುಲಾಬಿ ಬಣ್ಣದ ಪರದೆಯಲ್ಲ, ಬಾಗಿಲು ಎಂದು ನನಗೆ ಆಗ ತಿಳಿಯಿತು.

ವಿಜಯಪುರದಲ್ಲಿ ಮಗು ದಿನವೂ ನೋಡುವ ದೊಡ್ಡ ಕಟ್ಟಡ ಗೋಳಗುಮ್ಮಟ. ಅದು ಮೊಹಮ್ಮದ್ ಆದಿಲ್ ಶಾಹನ ಸಮಾಧಿಯೇ ಹೊರತು ಅರಮನೆಯಲ್ಲ ಎಂದು ನಮ್ಮ ಮಾವ ಆಕ್ಷೇಪಿಸಿದರು, ಅದು ನಿಜವೂ ಹೌದು. ಆದರೆ ಐದು ವರ್ಷದವಳಿಗೆ ಅಷ್ಟು ದೊಡ್ಡ ಬಾಗಿಲಿರುವುದೆಲ್ಲ ಅರಮನೆಯೇ. ಫ್ರಿಜ್ ಮಾರುವ ಅಂಗಡಿಯಲ್ಲಿ ಒಂದು ವಾರ ಮುಂಚೆ ಹೇಳಿಟ್ಟು ಎರಡು ದೊಡ್ಡ ರಟ್ಟಿನ ಪೆಟ್ಟಿಗೆಗಳನ್ನು ಪುಕ್ಕಟೆಯಾಗಿ ಪಡೆದೆ, ಮನೆಗೆ ತರಲು ಆಟೊಕ್ಕೆ 120 ರೂಪಾಯಿ ಕೊಟ್ಟೆ. ಎರಡನ್ನೂ ಬಿಚ್ಚಿ, ಉದ್ದುದ್ದವಾಗಿ ಸೇರಿಸಿ, ನಾಲ್ಕು ಗೋಡೆಯ ಒಂದು ಕೋಣೆ ಮಾಡಿದೆವು. ಬಟ್ಟೆ ಅಂಗಡಿಯಲ್ಲಿ ಥಾನು ಸುತ್ತಿ ಬರುವ ರಟ್ಟಿನ ಕೊಳವೆಗಳನ್ನು ಬಿಸಾಡುತ್ತಾರೆ, ಅವು ನಾಲ್ಕು ಮೂಲೆಯ ಮಿನಾರುಗಳಾದವು. ಗುಮ್ಮಟಕ್ಕೆ ಏನು ಮಾಡುವುದೆಂದು ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ, ಅತ್ತೆಯವರು ಹಿತ್ತಲಿನಿಂದ ಕಾಳು ತುಂಬುವ ಹಳೆಯ ಬಿದಿರಿನ ಬುಟ್ಟಿಯನ್ನು ತಂದು ಕೋಣೆಯ ಮೇಲೆ ಬೋರಲು ಹಾಕಿದರು. ಕೆಲಸ ಅಲ್ಲಿಗೇ ಮುಗಿಯಿತು.

ಬುಟ್ಟಿಗೆ ಹಳೆಯ ಪೇಪರಿನ ಪಟ್ಟಿಗಳನ್ನು ಮೂರು ಪದರ ಅಂಟಿಸಬೇಕು. ಅಂಟಿಗೆ ಒಂದು ಬಟ್ಟಲು ಮೈದಾ, ಮೂರು ಬಟ್ಟಲು ನೀರು, ಗಂಟಾಗದಂತೆ ಕಲಸಿ ಸಣ್ಣ ಉರಿಯಲ್ಲಿ ಗಂಜಿಯ ಹದಕ್ಕೆ ಬರುವವರೆಗೆ ತಿರುವಿದರೆ ಸಾಕು. ಅಂಗಡಿಯ ಅಂಟು ಬೇಕಾಗುವುದಿಲ್ಲ. ಒಂದು ಪದರ ಒಣಗಿದ ಮೇಲೆಯೇ ಇನ್ನೊಂದನ್ನು ಹಾಕಿ, ಇಲ್ಲವಾದರೆ ಒಳಗೆ ಹಸಿ ಉಳಿದು ವಾಸನೆ ಬರುತ್ತದೆ. ನಿಜವಾದ ಗುಮ್ಮಟದ ಬುಡದಲ್ಲಿ ಕಮಲದ ದಳಗಳ ಸಾಲು ಇರುವುದನ್ನು ನೀವು ನೋಡಿರಬಹುದು. ಆ ದಳಗಳನ್ನು ಹಳೆಯ ನೋಟ್‌ಬುಕ್ಕಿನ ರಟ್ಟಿನಿಂದ ಮಗಳು ಮತ್ತು ಅವಳ ಅಣ್ಣ ಕತ್ತರಿಸಿದರು. ಒಣಗಲು ಅಂಗಳದಲ್ಲಿಟ್ಟಾಗ ಮೈದಾದ ರುಚಿಗೆ ಪಕ್ಕದ ಮನೆಯ ಆಡು ಬಂದು ಮೂರು ದಳಗಳನ್ನು ತಿಂದುಹಾಕಿತು. ಆದ್ದರಿಂದ ಎತ್ತರದಲ್ಲಿ ಒಣಗಿಸಿ. ಮಿನಾರಿಗೆ ಏಳು ಅಂತಸ್ತು ಇರಬೇಕೆಂದು ಮಗ ಎಣಿಸಿ ಎಣಿಸಿ ಕಿಟಕಿ ಬರೆದ. ನಿಜವಾದ ಗುಮ್ಮಟದ ಹೊರವ್ಯಾಸ ಸುಮಾರು 44 ಮೀಟರ್, ನಮ್ಮದು ಎರಡೂವರೆ ಅಡಿ. 1656ರಲ್ಲಿ ಮುಗಿದ ಆ ಕಟ್ಟಡಕ್ಕೆ ಎಷ್ಟು ವರ್ಷ ಹಿಡಿದವೋ, ನಮ್ಮದಕ್ಕೆ ಹತ್ತು ಸಂಜೆಗಳು ಹಿಡಿದವು. ಈ ಹತ್ತು ಸಂಜೆಗಳನ್ನು ತಾಪತ್ರಯ ಎಂದು ಎಣಿಸಬೇಡಿ, ಮಗುವಿನ ಲೆಕ್ಕದಲ್ಲಿ ಹುಟ್ಟುಹಬ್ಬ ಮೊದಲ ಸಂಜೆಯಿಂದಲೇ ಶುರುವಾಗಿರುತ್ತದೆ. ಒಂದು ಎಚ್ಚರಿಕೆ: ಈ ಕೆಲಸದಲ್ಲಿ ಹಣ ತಿನ್ನುವುದು ಅಗಲದ ಟೇಪು. ನನಗೆ ಅದಕ್ಕೇ 180 ರೂಪಾಯಿ ಹೋಯಿತು. ಸಾಧ್ಯವಾದಲ್ಲೆಲ್ಲ ರಟ್ಟಿಗೆ ತೂತು ಮಾಡಿ ಸುತಳಿಯಿಂದ ಹೊಲಿಯಿರಿ.

ಆಟಗಳನ್ನೂ ಆ ವಸ್ತುವಿನಿಂದಲೇ ಹುಟ್ಟಿಸಬೇಕು, ಇಲ್ಲವಾದರೆ ಥೀಮ್ ಒಂದು ಕಡೆ, ಆಟ ಇನ್ನೊಂದು ಕಡೆ ಆಗುತ್ತದೆ. ಗೋಳಗುಮ್ಮಟದ ಪಿಸುಗುಟ್ಟುವ ಗ್ಯಾಲರಿಯಲ್ಲಿ ಒಂದು ಬದಿಗೆ ಮೆಲ್ಲಗೆ ನುಡಿದದ್ದು ಗೋಡೆಯ ಬಾಗನ್ನೇ ಹಿಡಿದು ಹರಿದು, ಸುಮಾರು 38 ಮೀಟರ್ ಆಚೆಯ ಎದುರು ಬದಿಗೆ ಕೇಳಿಸುತ್ತದೆಯಲ್ಲ, ಅದನ್ನು ನಾವು ನೀರಿನ ತೆಳು ಪೈಪಿನಿಂದ ಮಾಡಿದೆವು. ಪೈಪಿನ ಎರಡೂ ತುದಿಗೆ ಎಣ್ಣೆ ಸುರಿಯುವ ಆಳಿಕೆ ಸಿಕ್ಕಿಸಿ, ಒಂದು ತುದಿಯನ್ನು ರಟ್ಟಿನ ಕೋಣೆಯೊಳಗೆ, ಇನ್ನೊಂದನ್ನು ಅಂಗಳದ ಆ ಬದಿಯ ನುಗ್ಗೆಗಿಡಕ್ಕೆ ಕಟ್ಟಿದೆವು. ದನಿ ಸುತ್ತಲೂ ಚದುರದೆ ಕೊಳವೆಯೊಳಗೇ ಸಾಗುವುದರಿಂದ ಪಿಸುಮಾತು ಸ್ಪಷ್ಟವಾಗಿ ಕೇಳಿಸುತ್ತದೆ. ಇದಕ್ಕೆ ಒಟ್ಟು 140 ರೂಪಾಯಿ. ಬಂದವರಲ್ಲಿ ಒಬ್ಬ ಹುಡುಗ ಬಂದಾಗಿನಿಂದ ಅಮ್ಮನ ಸೆರಗು ಬಿಟ್ಟಿರಲಿಲ್ಲ, ಹೆಸರು ಕೇಳಿದರೂ ಹೇಳಿರಲಿಲ್ಲ. ನುಗ್ಗೆಗಿಡದ ಹತ್ತಿರ ಹೋಗಿ ಆಳಿಕೆಗೆ ಬಾಯಿಟ್ಟು ಏನೋ ಅಂದ. ಒಳಗಿದ್ದ ನನ್ನ ಮಗಳು ಬಾಗಿಲು ತೆಗೆದು ಹೊರಗೆ ಬಂದು, "ಅವ್ವಾ, ಅವಂಗ ಇನ್ನೊಂದ ಶಿರಾ ಬೇಕಂತ" ಎಂದು ಸಾರಿದಳು. ಆಮೇಲೆ ಅವನನ್ನು ಆ ಆಳಿಕೆಯಿಂದ ಬಿಡಿಸುವುದೇ ಕಷ್ಟವಾಯಿತು.

ಎರಡನೆಯ ಆಟ ಮುಲುಕ್ ಮೈದಾನ್ ತೋಪಿನದು. 1549ರಲ್ಲಿ ಎರಕ ಹೊಯ್ದ ಆ ತೋಪಿನ ಬಾಯಿ ಸಿಂಹದ ಮುಖ, ಸಿಂಹದ ಹಲ್ಲಿನ ನಡುವೆ ಆನೆ. ತೋಪು ಹಾರಿಸಿದವನು ಸದ್ದಿನಿಂದ ಪಾರಾಗಲು ಪಕ್ಕದ ನೀರಿನ ತೊಟ್ಟಿಗೆ ಧುಮುಕುತ್ತಿದ್ದ ಎಂಬ ಕಥೆಯನ್ನು ನಮ್ಮ ಊರಿನ ಪ್ರತಿ ಮಗುವೂ ಕೇಳಿರುತ್ತದೆ. ಹಳೆಯ ಚಾಪೆಯನ್ನು ಸುರುಳಿ ಸುತ್ತಿ, ಮುಂದೆ ಸಿಂಹದ ಮುಖ ಬರೆದು ಕಟ್ಟಿ, ಕಟ್ಟೆಯ ಮೇಲಿನಿಂದ ಇಳಿಜಾರಾಗಿಟ್ಟೆವು. ಹಿಂದಿನಿಂದ ಚಿಂದಿಬಟ್ಟೆಯ ಚೆಂಡು ಬಿಟ್ಟರೆ ಅದು ಸಿಂಹದ ಬಾಯಿಂದ ಉರುಳಿ ಕೆಳಗಿನ ಖಾಲಿ ಡಬ್ಬಿಗಳನ್ನು ಬೀಳಿಸಬೇಕು, ಬಿಟ್ಟವರು ಕೂಡಲೇ ಕಿವಿ ಮುಚ್ಚಿಕೊಂಡು ನೀಲಿ ಸೀರೆ ಹಾಸಿದ "ತೊಟ್ಟಿ"ಗೆ ಹಾರಬೇಕು. ಮಕ್ಕಳಿಗೆ ಡಬ್ಬಿ ಬಿದ್ದದ್ದಕ್ಕಿಂತ ಹಾರುವುದೇ ಮುಖ್ಯವಾಯಿತು. ಸೀರೆಯ ಕೆಳಗೆ ಹಾಸಿಗೆ ಹಾಕುವುದನ್ನು ಮರೆಯಬೇಡಿ. ಎರಡು ಗಂಟೆಯ ಕೂಟಕ್ಕೆ ಇಂಥ ಎರಡು ಆಟ ಸಾಕು. ಗೆದ್ದವರಿಗೆ ಬಹುಮಾನ ಇಡದಿರುವುದೇ ಒಳ್ಳೆಯದು, ಐದು ವರ್ಷದವರು ಸೋತರೆ ಅಳುತ್ತಾರೆ.

ನಮ್ಮ ಕಡೆ ಖರ್ಚು ಕೈಮೀರುವುದು ಅಲಂಕಾರದಿಂದಲ್ಲ, ಕರೆಯುವುದರಿಂದ. 12 ಮಕ್ಕಳೆಂದು ಬರೆದಿದ್ದೀರಿ. ಅವರ ತಾಯಂದಿರು, ತಮ್ಮ ತಂಗಿಯರು, ಓಣಿಯ ಹುಡುಗರು, ಬೀಗರು ಸೇರಿದರೆ ಅದು 40 ಆಗುತ್ತದೆ, ಬಂದವರನ್ನು ಬರಬೇಡಿ ಎನ್ನಲು ನಮ್ಮಿಂದ ಆಗುವುದಿಲ್ಲ. ನಾನು ಇದನ್ನು ಎರಡಾಗಿ ಒಡೆದೆ. ಮಕ್ಕಳ ಕೂಟ ಬೆಳಿಗ್ಗೆ 10ರಿಂದ 12. ದೊಡ್ಡವರಿಗೆ ಸಂಜೆ ಆರತಿ, ಚಹಾ, ಚುರುಮುರಿ. ಓಣಿಯ ಮಕ್ಕಳನ್ನು ಲೆಕ್ಕದಲ್ಲಿ ಮೊದಲೇ ಹಿಡಿದುಬಿಡಿ, ಅವರು ಕರೆಯದಿದ್ದರೂ ಗೇಟಿನ ಮೇಲೆ ಕೂತಿರುತ್ತಾರೆ, ಅವರಿಲ್ಲದಿದ್ದರೆ ಆಟವೂ ರಂಗೇರುವುದಿಲ್ಲ.

ಊಟದ ವಿಷಯದಲ್ಲಿ ನಾನು ಕೇಕಿಗಿಂತ ಶಿರಾವನ್ನು ಹೆಚ್ಚು ನಂಬುತ್ತೇನೆ. ರವೆಯ ಶಿರಾವನ್ನು ಬಿಸಿಯಿರುವಾಗಲೇ ತುಪ್ಪ ಸವರಿದ ಚಿಕ್ಕ ದುಂಡು ಬಟ್ಟಲಿಗೆ ಒತ್ತಿ, ತಟ್ಟೆಯ ಮೇಲೆ ಬೋರಲು ಹಾಕಿ, ನೆತ್ತಿಗೆ ಒಂದು ಒಣದ್ರಾಕ್ಷಿ ಚುಚ್ಚಿದರೆ ಪ್ರತಿ ಮಗುವಿಗೂ ಒಂದೊಂದು ಗುಮ್ಮಟ. ಮೇಣದಬತ್ತಿ ಊದಲು ಕೇಕ್ ಬೇಕೇ ಬೇಕೆಂದರೆ, ಕುಕ್ಕರಿನಲ್ಲಿ ಗ್ಯಾಸ್ಕೆಟ್ ಮತ್ತು ಸೀಟಿ ತೆಗೆದು, ತಳಕ್ಕೆ ಉಪ್ಪು ಹಾಸಿ, ಸಣ್ಣ ಉರಿಯಲ್ಲಿ ಸುಮಾರು ಮುಕ್ಕಾಲು ಗಂಟೆ ಬೇಯಿಸಿ. ಗುಮ್ಮಟದ ಆಕಾರ ಬರಲೆಂದು ಆಳವಾದ ಪಾತ್ರೆಯಲ್ಲಿ ಹಾಕಿದರೆ ನಡುವೆ ಹಸಿ ಉಳಿಯುತ್ತದೆ; ಅಗಲದ ಡಬ್ಬಿಯೇ ಲೇಸು. ಖಾರಕ್ಕೆ ಮೆಣಸಿನಕಾಯಿ ಇಲ್ಲದ ಒಗ್ಗರಣೆ ಚುರುಮುರಿ, ಕುಡಿಯಲು ನಿಂಬೆ ಶರಬತ್ತು. ಚುರುಮುರಿಗೆ ಇಡೀ ಶೇಂಗಾ ಹಾಕಬೇಡಿ, ಚಿಕ್ಕ ಮಕ್ಕಳಿಗೆ ಗಂಟಲಲ್ಲಿ ಸಿಕ್ಕುತ್ತದೆ. ಶೇಂಗಾ ಆಗಿಬರದ ಮಗು ಇದೆಯೇ ಎಂದು ತಾಯಂದಿರನ್ನು ಮೊದಲೇ ಕೇಳಿಕೊಂಡು, ಇಲ್ಲವೆಂದಾದರೆ ಮಾತ್ರ ಪುಡಿ ಮಾಡಿ ಉದುರಿಸಿ.

ಒಡೆದ ಬಲೂನಿನ ಚೂರನ್ನೂ ಮಕ್ಕಳು ಬಾಯಿಗೆ ಹಾಕಿಕೊಳ್ಳುತ್ತಾರೆ, ಅದು ಉಸಿರುಗಟ್ಟಿಸಬಲ್ಲದು. ಕೇಕ್ ಹೊತ್ತಿನಲ್ಲಿ ಹಾರಿಸುವ ನೊರೆಯ ಸ್ಪ್ರೇಯನ್ನು ಮನೆಯೊಳಗೇ ಬಿಡಬೇಡಿ, ಉರಿಯುವ ಬತ್ತಿಯ ಹತ್ತಿರ ಅದು ಭಗ್ಗನೆ ಹೊತ್ತಿಕೊಳ್ಳುತ್ತದೆ.

ರಿಟರ್ನ್ ಗಿಫ್ಟ್ ಬಗ್ಗೆ ನೀವು ಕೇಳಿಲ್ಲ, ಆದರೆ ಕೊನೆಯ ವಾರದಲ್ಲಿ ಆ ಚಿಂತೆ ಹತ್ತಿಯೇ ಹತ್ತುತ್ತದೆ. ನಾನು ಜೇಡಿಮಣ್ಣನ್ನು ನಾದಿಟ್ಟು ಮಕ್ಕಳಿಂದಲೇ ಒಂದೊಂದು ಎತ್ತು ಮಾಡಿಸಿ, ಅದನ್ನೇ ಅವರ ಕೈಯಲ್ಲಿ ಕೊಟ್ಟು ಕಳಿಸಿದೆ. ಮಣ್ಣೆತ್ತಿನ ಅಮಾವಾಸ್ಯೆ ಹತ್ತಿರವಿದ್ದುದರಿಂದ ಅದು ಯಾರಿಗೂ ಕಡಿಮೆ ಎನಿಸಲಿಲ್ಲ. ಒಬ್ಬನ ಎತ್ತಿಗೆ ಐದು ಕಾಲಿದ್ದವು. ಬೀಳದಿರಲಿ ಎಂದು ಐದನೆಯದನ್ನು ತಾನೇ ಹಚ್ಚಿದ್ದಾಗಿ ಹೇಳಿದ. ಎಲ್ಲ ಸೇರಿ ಆ ವರ್ಷ ನನ್ನ ಖರ್ಚು 2,480 ರೂಪಾಯಿ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಸಂಜೆಯ ಚಹಾ ಸೇರಿದಂತೆ ತಿನಿಸಿಗೆ ಹೋದದ್ದು.

ನೀವು ಬಾಗಲಕೋಟೆಯವರಾದ್ದರಿಂದ ಗುಮ್ಮಟವನ್ನೇ ಕಟ್ಟಬೇಕಿಲ್ಲ. ಬಾದಾಮಿ ನಿಮಗೆ ಹತ್ತಿರ, ಮಗಳು ನೋಡಿಯೇ ಇರುತ್ತಾಳೆ. ಅದು ಚಾಲುಕ್ಯರ ರಾಜಧಾನಿಯಾಗಿದ್ದ ಊರು, ಅರಮನೆಯ ಮಾತಿಗೂ ಒಗ್ಗುತ್ತದೆ. ರಟ್ಟಿನ ಪೆಟ್ಟಿಗೆ ಗುಮ್ಮಟವಾಗುವುದಕ್ಕಿಂತ ಸುಲಭವಾಗಿ ಗುಹೆಯಾಗುತ್ತದೆ, ಮೇಲೆ ಕೆಮ್ಮಣ್ಣು ಕಲಸಿ ಬಳಿದರೆ ಬಾದಾಮಿಯ ಕಲ್ಲಿನ ಬಣ್ಣ ತಾನಾಗಿ ಬರುತ್ತದೆ, ಬಣ್ಣದ ಖರ್ಚೂ ಉಳಿಯುತ್ತದೆ. ಆಟಕ್ಕೆ ಅಲ್ಲಿನ ಮಂಗಗಳಿದ್ದಾರೆ: ದೊಡ್ಡವರೊಬ್ಬರು ಮಂಗನಾಗಿ ಬಾಳೆಹಣ್ಣು ಕಸಿಯಲು ಬರುವುದು, ಮಕ್ಕಳು ಹಣ್ಣನ್ನು ಒಂದು ಗುಹೆಯಿಂದ ಇನ್ನೊಂದಕ್ಕೆ ದಾಟಿಸುವುದು. ಆದರೆ ಮಗಳು ಬಾಗಿಲು ಬೇಕೆಂದರೆ ಗುಹೆಗೂ ಬಾಗಿಲು ಹಚ್ಚಿಬಿಡಿ, ಇತಿಹಾಸದವರು ಯಾರೂ ಬಂದು ನೋಡುವುದಿಲ್ಲ.

ಮೂರು ವಾರ ಸಾಕಾಗುತ್ತದೆ, ಆದರೆ ಪೆಟ್ಟಿಗೆಗಳಿಗೆ ಇಂದೇ ಹೇಳಿಡಿ. ಅಂಗಡಿಯವರು ಅವನ್ನು ರದ್ದಿಗೆ ಹಾಕುವ ದಿನ ಯಾವುದೆಂದು ಕೇಳಿಕೊಂಡು, ಅದರ ಹಿಂದಿನ ದಿನ ಹೋಗಿ. ಎರಡಕ್ಕೆ ಹೇಳಿ ಮೂರು ತನ್ನಿ, ಒಂದನ್ನು ಕತ್ತರಿಸುವಾಗ ಕೆಡಿಸಿಯೇ ಕೆಡಿಸುತ್ತೀರಿ.