ಓವರ್‌ರೆವ್ ದಾಖಲೆ ಇರುವ ಕಾರನ್ನು ಮಾರುವುದು ಹೇಗೆ?

ಪ್ರಶ್ನೆ: ನನ್ನ ಬಳಿ 997 ಪೀಳಿಗೆಯ, 2006ರ ಪೋರ್ಷೆ 911 ಕರೇರಾ ಎಸ್ ಇದೆ, ಆರು ಗೇರಿನ ಮ್ಯಾನುಯಲ್. ಕಾರು 24,000 ಕಿ.ಮೀ. ಓಡಿದ್ದಾಗ ಎರಡನೆಯ ಮಾಲೀಕನಾಗಿ ಕೊಂಡೆ, ಈಗ 61,000 ಕಿ.ಮೀ. ಆಗಿದೆ. ಮಾರಲು ಹೊರಟಾಗ, ಕೊಳ್ಳಲು ಬಂದವರು ಎಂಜಿನ್ ಕಂಪ್ಯೂಟರಿನ ಓವರ್‌ರೆವ್ ವರದಿ, ಅಂದರೆ ಎಂಜಿನ್ ತನ್ನ ಮಿತಿಯ ಆಸುಪಾಸಿನಲ್ಲೋ ಅದನ್ನು ಮೀರಿಯೋ ತಿರುಗಿದ್ದರ ದಾಖಲೆ, ಕೇಳಿದರು. ಅದರ ಪ್ರಕಾರ ಎಂಜಿನ್ ಒಟ್ಟು 1,386 ಗಂಟೆ ಓಡಿದೆ. ಆ ವೇಗವನ್ನು ವರದಿ ಆರು ರೇಂಜ್‌ಗಳಾಗಿ, ಅಂದರೆ ಏರುವ ಹಂತಗಳಾಗಿ ವಿಂಗಡಿಸುತ್ತದೆ: ರೇಂಜ್ 1ರಲ್ಲಿ 14,600, ಕೊನೆಯದು 1,371ನೇ ಗಂಟೆಯಲ್ಲಿ. ರೇಂಜ್ 2ರಲ್ಲಿ 920, ಕೊನೆಯದು 1,102ನೇ ಗಂಟೆಯಲ್ಲಿ. ರೇಂಜ್ 3ರಲ್ಲಿ 64, ರೇಂಜ್ 4ರಲ್ಲಿ 210, ರೇಂಜ್ 5ರಲ್ಲಿ 38, ಈ ಮೂರೂ 412ನೇ ಗಂಟೆಯಲ್ಲಿ. ರೇಂಜ್ 6ರಲ್ಲಿ ಸೊನ್ನೆ. ನಾನು ಒಮ್ಮೆಯೂ ತಪ್ಪು ಗೇರ್ ಹಾಕಿದವನಲ್ಲ. ಆದರೆ ಬಂದವರು, "ಹದಿನೈದು ಸಾವಿರ ಸಲ ಓವರ್‌ರೆವ್ ಆದ ಎಂಜಿನ್ ಇದು, ಮುಗಿಯಿತು" ಎಂದು ಬೆಲೆ ಇಳಿಸಲು ಹೇಳುತ್ತಿದ್ದಾರೆ. ಅವರ ಮಾತು ಸರಿಯೇ? ಈ ದಾಖಲೆಯನ್ನು ಅಳಿಸಲು ಬರುತ್ತದೆಯೇ?

ಉತ್ತರ: ಹದಿನೈದು ಸಾವಿರ ಎಂಬ ಅಂಕಿಯ ವಿಷಯದಲ್ಲಿ ಅವರು ಹೇಳಿದ್ದು ತಪ್ಪು, ಆದರೆ ಅವರು ಗಮನಿಸದೆ ಬಿಟ್ಟಂತೆ ತೋರುವ 38 ಎಂಬ ಸಣ್ಣ ಅಂಕಿಯ ಬಗ್ಗೆ ನೀವು ಉತ್ತರ ಸಿದ್ಧಪಡಿಸಿಟ್ಟುಕೊಳ್ಳಬೇಕು. ಈ ವರದಿಯಲ್ಲಿ ದೊಡ್ಡ ಅಂಕಿಗಳು ಸಾಮಾನ್ಯವಾಗಿ ನಿರುಪದ್ರವಿ, ಸಣ್ಣ ಅಂಕಿಗಳೇ ವಿಚಾರಿಸಬೇಕಾದವು.

ಮೊದಲಿಗೆ, ಅಲ್ಲಿ ಎಣಿಸಿರುವುದು ಘಟನೆಗಳನ್ನಲ್ಲ, ಇಗ್ನಿಷನ್‌ಗಳನ್ನು, ಅಂದರೆ ಎಂಜಿನ್ ಆ ವೇಗದ ಮಿತಿಯೊಳಗೆ ಇದ್ದಷ್ಟು ಹೊತ್ತು ಸಿಲಿಂಡರುಗಳ ಪಾಲಿಗೆ ಬಂದ ಕಿಡಿಯ ಸರದಿಗಳನ್ನು. ನಾಲ್ಕು ಸ್ಟ್ರೋಕಿನ ಆರು ಸಿಲಿಂಡರ್ ಎಂಜಿನ್‌ನಲ್ಲಿ ಕ್ರ್ಯಾಂಕ್‌ಶಾಫ್ಟಿನ ಎರಡು ಸುತ್ತಿಗೆ ಆರು, ಎಂದರೆ ಒಂದು ಸುತ್ತಿಗೆ ಮೂರು ಇಗ್ನಿಷನ್. 7,400 ಆರ್‌ಪಿಎಂನಲ್ಲಿ, ಅಂದರೆ ನಿಮಿಷಕ್ಕೆ 7,400 ಸುತ್ತಿನಲ್ಲಿ, ಇದು ನಿಮಿಷಕ್ಕೆ 22,200, ಸೆಕೆಂಡಿಗೆ 370 ಆಗುತ್ತದೆ. ನಿಮ್ಮ ರೇಂಜ್ 1ರ 14,600ನ್ನು 370ರಿಂದ ಭಾಗಿಸಿದರೆ ಸಿಗುವುದು ಸುಮಾರು 40 ಸೆಕೆಂಡು. 1,386 ಗಂಟೆ ಓಡಿದ ಎಂಜಿನ್ ತನ್ನ ಇಡೀ ಆಯುಷ್ಯದಲ್ಲಿ ಒಟ್ಟಾರೆ 40 ಸೆಕೆಂಡು ರೆವ್ ಲಿಮಿಟರಿನ (ಎಂಜಿನ್ ವೇಗ ಮಿತಿ ಮೀರದಂತೆ ತಡೆಯುವ ವ್ಯವಸ್ಥೆ) ಆಸುಪಾಸಿನಲ್ಲಿ ಕಳೆದಿದೆ ಎಂದಷ್ಟೇ ಇದರ ಅರ್ಥ. ಕಾರನ್ನು ಅದು ತಯಾರಾದ ಉದ್ದೇಶಕ್ಕೆ ತಕ್ಕಂತೆ ಆಗಾಗ ಓಡಿಸಿದ್ದಾರೆ ಎನ್ನುವುದಕ್ಕಿಂತ ಹೆಚ್ಚೇನನ್ನೂ ಅದು ಹೇಳುವುದಿಲ್ಲ. ರೇಂಜ್ 2ರ 920 ಎಂದರೆ ಎರಡೂವರೆ ಸೆಕೆಂಡಿಗೂ ಕಡಿಮೆ. ಆಕ್ಸಿಲರೇಟರ್ ಪೂರ್ತಿ ಒತ್ತಿದ್ದಾಗ ವೇಗವು ಲಿಮಿಟರನ್ನು ಕ್ಷಣಮಾತ್ರ ಮೀರಿ ಹಿಂದೆ ಬರುವುದುಂಟು, ಅದೂ ಇಲ್ಲಿ ದಾಖಲಾಗುತ್ತದೆ.

ನಿಮ್ಮ ಮಾದರಿಯಲ್ಲಿ ಈ ಆರು ರೇಂಜ್‌ಗಳು ಸುಮಾರು 7,300 ಆರ್‌ಪಿಎಂನಿಂದ ಶುರುವಾಗುತ್ತವೆ. ಮೊದಲ ಮೂರು ಸುಮಾರು ಇನ್ನೂರು ಸುತ್ತಿನ ಕಿರಿದಾದ ಪಟ್ಟಿಗಳು. ನಾಲ್ಕನೆಯದು ಸುಮಾರು 7,900ರಿಂದ 8,400ರವರೆಗೆ, ಐದನೆಯದು ಅಲ್ಲಿಂದ 9,500ರವರೆಗೆ, ಆರನೆಯದು ಅದಕ್ಕೂ ಮೇಲೆ. ಜಿಟಿ3ಯಂತಹ ಮಾದರಿಗಳಲ್ಲಿ ಎಂಜಿನ್ನಿನ ಮಿತಿಯೇ ಹೆಚ್ಚಿರುವುದರಿಂದ ಈ ಗೆರೆಗಳೂ ಮೇಲಕ್ಕೆ ಸರಿಯುತ್ತವೆ, ಆದ್ದರಿಂದ ಒಂದು ಮಾದರಿಯ ವರದಿಯನ್ನು ಇನ್ನೊಂದರ ಗೆರೆಗಳಿಂದ ಅಳೆಯಬಾರದು. ಹಳೆಯ 996 ಮತ್ತು ಮೊದಲ ಪೀಳಿಗೆಯ ಬಾಕ್ಸ್‌ಟರ್ ಕಾರುಗಳಲ್ಲಿ ಇರುವುದು ಎರಡೇ ರೇಂಜ್. ಅಲ್ಲಿನ ರೇಂಜ್ 2 ಗಂಭೀರ ಸಂಗತಿ; ನಿಮ್ಮ ಕಾರಿನ ರೇಂಜ್ 2 ಹಾಗಲ್ಲ. ಕೊಳ್ಳುವವರು ಎಲ್ಲೋ ಓದಿದ ಹಳೆಯ ಕಾರಿನ ಮಾತನ್ನು ಹೊಸ ಕಾರಿಗೆ ಅನ್ವಯಿಸುವುದು ನಾನು ಮೇಲಿಂದ ಮೇಲೆ ಕಾಣುವ ಗೊಂದಲ.

ಇನ್ನು ಮೇಲಿನ ರೇಂಜ್‌ಗಳು. ಲಿಮಿಟರ್ ಇಂಧನವನ್ನೋ ಕಿಡಿಯನ್ನೋ ಕಡಿದು ಎಂಜಿನ್ ತನ್ನ ಬಲದಿಂದಲೇ ಮಿತಿ ಮೀರದಂತೆ ತಡೆಯಬಲ್ಲದು, ಆದರೆ ಚಕ್ರಗಳು ಗೇರಿನ ಮೂಲಕ ಎಂಜಿನ್ನನ್ನು ತಿರುಗಿಸತೊಡಗಿದರೆ ಅದನ್ನು ತಡೆಯುವ ಶಕ್ತಿ ಅದಕ್ಕಿಲ್ಲ. ಮೂರನೇ ಗೇರಿನಲ್ಲಿ 6,000 ಆರ್‌ಪಿಎಂ ತಲುಪಿದವರು ನಾಲ್ಕಕ್ಕೆ ಎಳೆಯುವ ಬದಲು ಎರಡಕ್ಕೆ ಎಳೆದು ಕ್ಲಚ್ ಬಿಟ್ಟರೆ, ನಿಮ್ಮ ಗೇರ್‌ಬಾಕ್ಸಿನಲ್ಲಿ ಎರಡನೆಯದು ಮೂರನೆಯದಕ್ಕಿಂತ 1.4 ಪಟ್ಟಿಗೂ ತುಸು ಹೆಚ್ಚಿನ ಅನುಪಾತ ಹೊಂದಿರುವುದರಿಂದ, ಎಂಜಿನ್ 8,600ರ ಸುತ್ತಮುತ್ತ ತಿರುಗಲೇಬೇಕಾಗುತ್ತದೆ. ಬ್ರೇಕ್ ಹಾಕುತ್ತಾ ಐದರಿಂದ ನಾಲ್ಕಕ್ಕೆ ಇಳಿಸಲು ಹೋಗಿ ಎರಡಕ್ಕೆ ಸಿಕ್ಕಿಸಿದರೆ 4,000 ಆರ್‌ಪಿಎಂನಿಂದಲೂ ಇದೇ ಗತಿ. ರೇಂಜ್ 4 ಮತ್ತು ಅದರ ಮೇಲಿನ ಅಂಕಿಗಳು ಬರುವುದು ಬಹುಮಟ್ಟಿಗೆ ಹೀಗೆಯೇ.

ಇಂತಹ ಕ್ಷಣದಲ್ಲಿ ಆಗುವ ಹಾನಿಗೆ ಕಾರಣ ಸರಳ ಗಣಿತ. ಪಿಸ್ಟನ್ ಮತ್ತು ಕನೆಕ್ಟಿಂಗ್ ರಾಡಿನ ಮೇಲೆ ಬೀಳುವ ಜಡತ್ವದ ಬಲ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ: 7,300ರಿಂದ 8,600ಕ್ಕೆ ವೇಗ ಶೇ 18ರಷ್ಟು ಹೆಚ್ಚಿದರೆ ಬಲ ಶೇ 39ರಷ್ಟು ಹೆಚ್ಚುತ್ತದೆ. ಎಕ್ಸಾಸ್ಟ್ ಸ್ಟ್ರೋಕಿನ ಕೊನೆಯಲ್ಲಿ ಪಿಸ್ಟನ್ ಮೇಲ್ತುದಿ ಮುಟ್ಟಿದಾಗ ಅದನ್ನು ಕೆಳಕ್ಕೆ ಒತ್ತುವ ಅನಿಲದ ಒತ್ತಡ ಇರುವುದಿಲ್ಲವಾದ್ದರಿಂದ ಆ ಎಳೆತವನ್ನೆಲ್ಲ ರಾಡಿನ ಬೋಲ್ಟುಗಳೇ ತಾಳಬೇಕು. ಇನ್ನೊಂದು ಕಡೆ ವಾಲ್ವ್ ಸ್ಪ್ರಿಂಗುಗಳು ಅಷ್ಟು ವೇಗಕ್ಕೆ ವಾಲ್ವನ್ನು ಹಿಂದಕ್ಕೆ ಎಳೆದುಕೊಳ್ಳಲಾರದೆ ಸೋಲುತ್ತವೆ, ಮುಚ್ಚಲು ತಡವಾದ ವಾಲ್ವಿಗೆ ಮೇಲೆ ಬಂದ ಪಿಸ್ಟನ್ ತಾಗುತ್ತದೆ, ವಾಲ್ವ್ ಬಾಗುತ್ತದೆ. ವಾಲ್ವ್ ಬಾಗಿದ್ದರೆ ಎಂಜಿನ್ ಸಾಮಾನ್ಯವಾಗಿ ಅಂದೇ ತಿಳಿಸುತ್ತದೆ. ಮಿಸ್‌ಫೈರ್, ಕಂಪನ, ಡ್ಯಾಶ್‌ಬೋರ್ಡಿನ ದೀಪ. ಬೋಲ್ಟ್ ಹಿಗ್ಗಿದ್ದರೆ ಅದು ಏನನ್ನೂ ತಿಳಿಸದೆ ಉಳಿಯಬಹುದು. ಆದ್ದರಿಂದಲೇ ಘಟನೆಯ ನಂತರ ಎಂಜಿನ್ ಎಷ್ಟು ಓಡಿದೆ ಎಂಬ ಪ್ರಶ್ನೆಗೆ ಇಷ್ಟು ತೂಕ.

ಆ ಪ್ರಶ್ನೆಗೆ ನಿಮ್ಮ ವರದಿಯಲ್ಲೇ ಉತ್ತರವಿದೆ. 3, 4, 5ನೇ ರೇಂಜ್‌ಗಳ ಒಟ್ಟು 312 ಇಗ್ನಿಷನ್‌ಗಳನ್ನು ಸಮಯಕ್ಕೆ ಪರಿವರ್ತಿಸಿದರೆ ಮುಕ್ಕಾಲು ಸೆಕೆಂಡು. ಅದರಲ್ಲಿ ರೇಂಜ್ 5ರ ಪಾಲು ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. ಮೂರಕ್ಕೂ ಒಂದೇ 412ನೇ ಗಂಟೆಯ ಮುದ್ರೆ ಇದೆ. ಯಾರೋ ಒಬ್ಬರು ತಪ್ಪು ಗೇರಿಗೆ ಹಾಕಿ, ಗಾಬರಿಯಿಂದ ತಕ್ಷಣ ಮತ್ತೆ ಕ್ಲಚ್ ತುಳಿದದ್ದಕ್ಕೆ ಇದು ಹೊಂದುತ್ತದೆ. ಇಲ್ಲಿ ಒಂದು ಎಚ್ಚರಿಕೆ ಬೇಕು: ಎಣಿಕೆ ಮೊದಲಿನಿಂದ ಕೂಡುತ್ತಾ ಬಂದ ಮೊತ್ತ, ಗಂಟೆ ಮಾತ್ರ ಕೊನೆಯ ಬಾರಿಯದು. ಆದ್ದರಿಂದ 412ಕ್ಕೆ ಮೊದಲು ಇನ್ನೊಂದು ಸಣ್ಣ ಘಟನೆ ಆಗಿರಲೇ ಇಲ್ಲ ಎಂದು ಈ ವರದಿಯಿಂದ ಸಾಧಿಸಲಾಗದು. 412ರ ನಂತರ ಆಗಿಲ್ಲ ಎಂದು ಖಂಡಿತವಾಗಿ ಹೇಳಬಹುದು.

61,000 ಕಿ.ಮೀ.ಯನ್ನು 1,386 ಗಂಟೆಯಿಂದ ಭಾಗಿಸಿದರೆ ಸರಾಸರಿ ವೇಗ ಗಂಟೆಗೆ 44 ಕಿ.ಮೀ. ಆ ಲೆಕ್ಕದಲ್ಲಿ 412ನೇ ಗಂಟೆ ಎಂದರೆ ಸುಮಾರು 18,000 ಕಿ.ಮೀ. ನೀವು ಕಾರು ಕೊಂಡದ್ದು 24,000ಕ್ಕೆ. ಸರಾಸರಿಯ ಲೆಕ್ಕ ನಿಖರವಲ್ಲ, ಆದರೂ ಘಟನೆ ನಿಮ್ಮ ಕಾಲದ್ದಲ್ಲ ಎಂಬ ನಿಮ್ಮ ಮಾತಿಗೆ ಅದು ಬಲವಾದ ಆಧಾರ. ನೀವು ಕೊಳ್ಳುವಾಗ ತೆಗೆಸಿದ ವರದಿಯೋ, ಹಿಂದಿನ ಸರ್ವಿಸಿನಲ್ಲಿ ಎಂಜಿನ್ ಗಂಟೆ ಬರೆದಿಟ್ಟ ಕಾಗದವೋ ಸಿಕ್ಕರೆ ಸಂದೇಹವೇ ಉಳಿಯದು. ಘಟನೆಯ ನಂತರ ಎಂಜಿನ್ 974 ಗಂಟೆ, ಸುಮಾರು 43,000 ಕಿ.ಮೀ. ತೊಂದರೆಯಿಲ್ಲದೆ ಓಡಿದೆ. ಇದೇ ಅಂಕಿಗಳು 1,380ನೇ ಗಂಟೆಯಲ್ಲಿ ದಾಖಲಾಗಿದ್ದರೆ ನಾನು ಕೊಳ್ಳುವವರ ಪರವಾಗಿಯೇ ಮಾತನಾಡುತ್ತಿದ್ದೆ. ಅಂದ ಹಾಗೆ, ಇದೇ ಭಾಗಾಕಾರದಿಂದ ಮೀಟರ್ ತಿರುಚಿದ ಕಾರನ್ನೂ ಹಿಡಿಯಬಹುದು: ಸರಾಸರಿ ವೇಗ ಗಂಟೆಗೆ ಹದಿನೈದು ಕಿ.ಮೀ. ಎಂದು ಬಂದರೆ, ಕಾರು ಸದಾ ಟ್ರಾಫಿಕ್ಕಿನಲ್ಲೇ ನಿಂತಿತ್ತು ಎಂಬ ವಿವರಣೆಯನ್ನು ನಂಬುವ ಮೊದಲು ಎರಡು ಬಾರಿ ಯೋಚಿಸಬೇಕು.

ಅಳಿಸುವ ವಿಚಾರ. ಸಾಮಾನ್ಯವಾಗಿ ದೋಷದ ಕೋಡ್‌ಗಳನ್ನು ಅಳಿಸುವಂತೆ ಈ ಎಣಿಕೆಯನ್ನು ಅಳಿಸಲು ಬರುವುದಿಲ್ಲ. ಎಂಜಿನ್ ಕಂಪ್ಯೂಟರನ್ನೇ, ಅಂದರೆ ಡಿಎಂಇಯನ್ನೇ ಬದಲಿಸಿದವರೂ ಅದರ ಸ್ಮೃತಿಯನ್ನು ತಿದ್ದಿಸಿದವರೂ ಇದ್ದಾರೆ. ಅಂತಹ ಕಾರಿನಲ್ಲಿ ಓಡಿದ ದೂರಕ್ಕೂ ಎಂಜಿನ್ ಗಂಟೆಗೂ ತಾಳೆಯಾಗುವುದಿಲ್ಲ, ಇಲ್ಲವೇ ಇಷ್ಟು ಓಡಿದ ಮ್ಯಾನುಯಲ್ ಕಾರಿನ ರೇಂಜ್ 1ರಲ್ಲೂ ಅಚ್ಚ ಸೊನ್ನೆ ಕಾಣಿಸುತ್ತದೆ. ಅನುಭವಸ್ಥರಿಗೆ 38ಕ್ಕಿಂತ ಆ ಸೊನ್ನೆಯೇ ಹೆಚ್ಚು ಅನುಮಾನ ತರುತ್ತದೆ. ಮುಚ್ಚಿಟ್ಟು ಮಾರುವುದು ವಂಚನೆ ಎಂಬುದಂತೂ ಇದ್ದೇ ಇದೆ. ನಿಮ್ಮ ಅಂಕಿಗಳಿಗೆ ಅದರ ಅಗತ್ಯವೂ ಇಲ್ಲ.

ನಾನಾಗಿದ್ದರೆ ಜಾಹೀರಾತು ಹಾಕುವ ಮೊದಲೇ, ಈ ಎಂಜಿನ್ ಬಲ್ಲ ಸ್ವತಂತ್ರ ವರ್ಕ್‌ಶಾಪಿನಲ್ಲಿ ಲೀಕ್‌ಡೌನ್ ಪರೀಕ್ಷೆ ಮಾಡಿಸಿಡುತ್ತಿದ್ದೆ. ಪಿಸ್ಟನ್ನನ್ನು ಮೇಲ್ತುದಿಯಲ್ಲಿ ನಿಲ್ಲಿಸಿ, ಸ್ಪಾರ್ಕ್ ಪ್ಲಗ್ಗಿನ ರಂಧ್ರದಿಂದ ನಿಗದಿತ ಒತ್ತಡದ ಗಾಳಿ ತುಂಬಿ, ಶೇಕಡಾ ಎಷ್ಟು ಸೋರುತ್ತದೆ ಎಂದು ಅಳೆಯುವ ಪರೀಕ್ಷೆ ಇದು. ಗಾಳಿ ಎಲ್ಲಿ ಹೊರಬರುತ್ತದೆ ಎಂಬುದೇ ರೋಗವನ್ನು ತಿಳಿಸುತ್ತದೆ: ಇನ್‌ಟೇಕ್ ಕಡೆಯೋ ಸೈಲೆನ್ಸರ್ ಕಡೆಯೋ ಸದ್ದು ಬಂದರೆ ವಾಲ್ವ್, ಆಯಿಲ್ ಹಾಕುವ ಬಾಯಿಯಲ್ಲಿ ಬಂದರೆ ಪಿಸ್ಟನ್ ರಿಂಗ್. ಆರೂ ಸಿಲಿಂಡರುಗಳ ಸೋರಿಕೆ ಶೇ 10ರೊಳಗೆ, ಒಂದಕ್ಕೊಂದು ಹತ್ತಿರವಾಗಿ ಇದ್ದರೆ ವಾಲ್ವುಗಳು ಬಾಗಿಲ್ಲ ಎಂದು ಧೈರ್ಯದಿಂದ ಹೇಳಬಹುದು. ಒಂದು ಮಾತ್ರ ಬೇರೆಯಾಗಿದ್ದರೆ ಅಲ್ಲಿ ಹುಡುಕಬೇಕು. ಕಂಪ್ರೆಷನ್ ಪರೀಕ್ಷೆ ಇಷ್ಟು ಸೂಕ್ಷ್ಮವಲ್ಲ. ಪ್ಲಗ್ ಬಿಚ್ಚಿರುವಾಗಲೇ ಬೋರ್‌ಸ್ಕೋಪ್ (ಕೊಳವೆಯ ತುದಿಯ ಸಣ್ಣ ಕ್ಯಾಮೆರಾ) ಇಳಿಸಿ ಪಿಸ್ಟನ್ನಿನ ತಲೆಯ ಮೇಲೆ ವಾಲ್ವ್ ತಾಗಿದ ಗುರುತು ಇದೆಯೇ ಎಂದು ಚಿತ್ರ ತೆಗೆಸಿ. ನಿಮ್ಮ 3.8 ಲೀಟರ್ ಎಂಜಿನ್ನಿನಲ್ಲಿ ಸಿಲಿಂಡರ್ ಗೋಡೆ ಗೀರುವ ತೊಂದರೆ ಹೆಸರುವಾಸಿಯಾದದ್ದು. ಓವರ್‌ರೆವ್‌ಗೂ ಅದಕ್ಕೂ ಸಂಬಂಧವಿಲ್ಲವಾದರೂ ಕೊಳ್ಳುವವರು ಅದನ್ನೂ ಕೇಳಿಯೇ ಕೇಳುತ್ತಾರೆ, ಹಾಗಾಗಿ ಗೋಡೆಗಳ ಚಿತ್ರವೂ ಇರಲಿ. ಆಯಿಲ್ ಫಿಲ್ಟರನ್ನು ಕತ್ತರಿಸಿ ಲೋಹದ ಚೂರುಗಳಿವೆಯೇ ಎಂದು ನೋಡುವುದಕ್ಕೆ ಹೆಚ್ಚು ಖರ್ಚಿಲ್ಲ. ಇವುಗಳಲ್ಲಿ ಯಾವುದೂ ರಾಡ್ ಬೋಲ್ಟಿನ ಸ್ಥಿತಿಯನ್ನು ತೋರಿಸದು. ಅದಕ್ಕೆ ಸಾಕ್ಷಿ ಆ 974 ಗಂಟೆಗಳು ಮಾತ್ರ.

ಕೊಳ್ಳುವವರಿಗೆ ವರದಿಯ ಪೂರ್ತಿ ಪ್ರತಿ ಕೊಡಿ. ಛಾಸಿ ಸಂಖ್ಯೆ, ದಿನಾಂಕ, ಒಟ್ಟು ಗಂಟೆ ಕಾಣುವಂತಿರಲಿ. ಅಂಕಿಗಳ ಭಾಗವನ್ನಷ್ಟೇ ಮೊಬೈಲಿನಲ್ಲಿ ತೆಗೆದ ಚಿತ್ರ ಯಾರನ್ನೂ ಒಪ್ಪಿಸುವುದಿಲ್ಲ. ಬೆಲೆಯ ಮಟ್ಟಿಗೆ ಹೇಳುವುದಾದರೆ, ಶುದ್ಧ ವರದಿಯ ಕಾರಿನಷ್ಟೇ ಬೆಲೆಗೆ ಪಟ್ಟು ಹಿಡಿಯುವುದು ನಿಮಗೂ ನ್ಯಾಯವಲ್ಲ, ಏಕೆಂದರೆ ಇದೇ ವರದಿಯನ್ನು ಮುಂದೆ ಮಾರುವಾಗ ಅವರೂ ವಿವರಿಸಬೇಕಾಗುತ್ತದೆ. ಆ ಕಿರಿಕಿರಿಗೆ ತಕ್ಕ ಸಣ್ಣ ಇಳಿಕೆ ಸಹಜ. ಎಂಜಿನ್ ಬಿಚ್ಚಿಸುವ ಖರ್ಚನ್ನೇ ಕಳೆಯಬೇಕೆಂದು ಅವರು ಹಟ ಹಿಡಿದರೆ ಬೇರೆಯವರನ್ನು ನೋಡಿ. ಅಧಿಕೃತ ಡೀಲರಿಗೆ ಮಾರುವ ಯೋಚನೆಯಿದ್ದರೆ ಮೊದಲೇ ಕೇಳಿ. ಕಂಪನಿಯ ವಾರಂಟಿಯೊಂದಿಗೆ ಮತ್ತೆ ಮಾರಬೇಕಾದವರು ಮೇಲಿನ ರೇಂಜ್‌ಗಳ ಬಗ್ಗೆ ಖಾಸಗಿ ಕೊಳ್ಳುಗರಿಗಿಂತ ಬಿಗಿಯಾಗಿರುತ್ತಾರೆ.

ಪ್ರಶ್ನೆ: ನಾನು ಕೊಳ್ಳಬೇಕೆಂದಿರುವ 2010ರ 911 ಪಿಡಿಕೆ, ಅಂದರೆ ಎರಡು ಕ್ಲಚ್ಚಿನ ಸ್ವಯಂಚಾಲಿತ ಗೇರ್‌ಬಾಕ್ಸಿನದು. ಇದಕ್ಕೂ ಈ ವರದಿ ಕೇಳಬೇಕೆ?

ಉತ್ತರ: ಕೇಳಿ, ಆದರೆ ಬೇರೆ ಕಾರಣಕ್ಕೆ. ಮಿತಿ ಮೀರುವಂತಹ ಕೆಳ ಗೇರನ್ನು ಚಾಲಕ ಕೇಳಿದರೂ ಪಿಡಿಕೆಯ ಕಂಪ್ಯೂಟರ್ ಕೊಡುವುದಿಲ್ಲ, ಆದ್ದರಿಂದ ಕೆಳಗಿನ ರೇಂಜ್‌ಗಳಲ್ಲಿ ಒಂದಿಷ್ಟು ಎಣಿಕೆ, ಮೇಲೆಲ್ಲ ಸೊನ್ನೆ ಇರುವುದು ವಾಡಿಕೆ. 5 ಅಥವಾ 6ನೇ ರೇಂಜಿನಲ್ಲಿ ಅಂಕಿ ಕಂಡರೆ ಬೇರೆ ಕಾರಿನ ಡಿಎಂಇ ಬಂದು ಕೂತಿದೆಯೇ ಎಂದು ಛಾಸಿ ಸಂಖ್ಯೆಯೊಂದಿಗೆ ತಾಳೆ ನೋಡಿಸಿ. ಕೆಳಗಿನ ರೇಂಜ್‌ಗಳು ಖಾಲಿಯಿದ್ದು ಮೇಲಿನದರಲ್ಲಿ ಮಾತ್ರ ಎಣಿಕೆ ಇದ್ದರಂತೂ, ಎಂಜಿನ್ ನಡುವಿನ ವೇಗಗಳನ್ನು ದಾಟದೆ ಅಲ್ಲಿಗೆ ಹೋಗಿರಲು ಸಾಧ್ಯವಿಲ್ಲವಾದ್ದರಿಂದ, ವರದಿಯೇ ಕೆಟ್ಟಿದೆ ಎಂದು ತಿಳಿದು ಇನ್ನೊಂದು ವರ್ಕ್‌ಶಾಪಿನಲ್ಲಿ ಮತ್ತೆ ತೆಗೆಸಿ. ಇಂತಹ ಕಾರಿನಲ್ಲಿ ನೀವು ಮುಖ್ಯವಾಗಿ ನೋಡಬೇಕಾದದ್ದು ಒಟ್ಟು ಗಂಟೆ. ಅದನ್ನು ಮೀಟರಿನೊಂದಿಗೆ ಹೋಲಿಸಿ, ಗೇರ್‌ಬಾಕ್ಸಿನ ಆಯಿಲ್ ಬದಲಿಸಿದ ದಾಖಲೆ ಕೇಳಿ ಪಡೆಯಿರಿ.