ಬೆರಳು ಜಾರಿದ್ದನ್ನು ಗಿರಾಕಿ ಎಂದು ಎಣಿಸಬೇಡಿ

ದಾವಣಗೆರೆಯ ಜವಳಿ ವ್ಯಾಪಾರಿಯೊಬ್ಬರು ಬರೆದಿದ್ದಾರೆ: “ಹಬ್ಬಕ್ಕೆಂದು ಮೊಬೈಲಿನಲ್ಲಿ ಜಾಹೀರಾತು ಕೊಟ್ಟೆವು. ಸಾವಿರಾರು ಜನ ಒತ್ತಿದ್ದಾರೆ ಎಂದು ಲೆಕ್ಕ ಬಂತು, ಅಂಗಡಿಗೆ ಬಂದವರು ನಾಲ್ಕೈದು ಮಂದಿ. ಜನಕ್ಕೆ ತಾಳ್ಮೆಯೇ ಇಲ್ಲವಾಯಿತೇ?”

ಸಂಪಾದಕರ ಉತ್ತರ: ಪತ್ರದ ಕೊನೆಯ ಸಾಲಿಗೆ ನಮ್ಮ ತಕರಾರಿದೆ. ಜನರನ್ನು ದೂರುವ ಮೊದಲು ಒಂದು ಸ್ಕೇಲು ತೆಗೆದುಕೊಳ್ಳಿ. ಫೋನಿನ ತಳಕ್ಕೆ ಅಂಟಿಕೊಂಡಿರುವ ಜಾಹೀರಾತು ಪಟ್ಟಿಯ ಮಾಮೂಲಿ ಅಳತೆ, ಪರದೆಯ ಚುಕ್ಕಿಗಳ (ಪಿಕ್ಸೆಲ್) ಲೆಕ್ಕದಲ್ಲಿ, 320×50. ಪರದೆಯ ಮೇಲೆ ಅದು ಹೆಚ್ಚುಕಡಿಮೆ 5 ಸೆಂ.ಮೀ. ಅಗಲ, 8 ಮಿ.ಮೀ. ಎತ್ತರ. ಪತ್ರಿಕೆಯ ಕಾಲು ಪುಟಕ್ಕೆಂದು ಮಾಡಿಸಿದ ಸೀರೆಯ ಚಿತ್ರ, ರಿಯಾಯಿತಿ, ಶಾಖೆಗಳ ವಿಳಾಸ ಎಲ್ಲವನ್ನೂ ಅಷ್ಟರೊಳಗೆ ತುರುಕಿದರೆ ಓದುವುದು ಹೇಗೆ?

ಆಂಡ್ರಾಯ್ಡ್ ಮಾರ್ಗಸೂಚಿಯ ಪ್ರಕಾರ ಬೆರಳಿನಿಂದ ಒತ್ತುವ ಗುಂಡಿ ಇದೇ ಅಳತೆಯಲ್ಲಿ ಕನಿಷ್ಠ 48 ಇರಬೇಕು. ಅಂದರೆ ನಿಮ್ಮ ಇಡೀ ಜಾಹೀರಾತಿನ ಎತ್ತರ ಒಂದೇ ಗುಂಡಿಯಷ್ಟು. ಅದನ್ನು ಮುಚ್ಚುವ ಇಂಟು ಗುರುತು ಇನ್ನೂ ಚಿಕ್ಕದು. ಪುಟ ಸರಿಸುವ ಹೆಬ್ಬೆರಳು ಆಡುವುದೂ ಅಲ್ಲೇ. ಇನ್ನೊಂದು ತೊಂದರೆ ನೋಡಿ: ಬರಹ ಮೊದಲು ಮೂಡುತ್ತದೆ, ಜಾಹೀರಾತು ತಡವಾಗಿ ಬಂದು ಅದನ್ನು ಕೆಳಕ್ಕೆ ತಳ್ಳುತ್ತದೆ. ಸುದ್ದಿಯ ಮೇಲೆ ಇಡಲು ಹೊರಟ ಬೆರಳು ನಿಮ್ಮ ಸೀರೆಯ ಮೇಲೆ ಬೀಳುತ್ತದೆ. ಓದುಗ ಕೂಡಲೇ ಹಿಂದಕ್ಕೆ ಹೋಗುತ್ತಾನೆ, ನಿಮ್ಮ ಜೇಬಿನಿಂದ ಮಾತ್ರ ಒಂದು ಕ್ಲಿಕ್ಕಿನ ದುಡ್ಡು ಹೋಗುತ್ತದೆ.

‘ನೋಡಿದವರು’ ಎಂಬ ಅಂಕಿಯನ್ನೂ ನಂಬಬೇಡಿ. ಜಾಹೀರಾತಿನ ಅರ್ಧ ಭಾಗ ಒಂದು ಸೆಕೆಂಡು ಪರದೆಯ ಮೇಲಿದ್ದರೆ ಅದು ಕಂಡಂತೆ ಎಂಬುದು ಆ ಉದ್ಯಮದ ಅಳತೆಗೋಲು. ವಿಡಿಯೊ ಆದರೆ ಎರಡು ಸೆಕೆಂಡು. ಕಣ್ಣು ಅತ್ತ ಹೋಯಿತೋ ಇಲ್ಲವೋ, ಕೇಳುವವರಿಲ್ಲ.

ಊರಿನ ಸುತ್ತ ಐದು ಕಿಲೋಮೀಟರಿಗೆ ಮಾತ್ರ ಎಂದು ಗೆರೆ ಹಾಕಿ, ಕಡಿಮೆ ಖರ್ಚಿನಲ್ಲಿ ಜಾಹೀರಾತು ಕೊಡಬಹುದು ಎಂಬುದು ನಿಜ, ಒಪ್ಪೋಣ. ಹಾಗಾದರೆ ಮೊದಲು ನಿಮ್ಮ ಜಾಹೀರಾತು ಎಲ್ಲೆಲ್ಲಿ ಕಾಣಿಸಿತು ಎಂಬ ವರದಿ ತೆಗೆಸಿ. ಮಕ್ಕಳ ಆಟ, ಟಾರ್ಚ್ ಆ್ಯಪ್‌ಗಳ ಹೆಸರಿದ್ದರೆ ಪಟ್ಟಿಯಿಂದ ಹೊಡೆದು ಹಾಕಿಸಿ. ಒತ್ತಿದಾಗ ತೆರೆಯುವ ಪುಟದಲ್ಲಿ ಒಂದೇ ಸೀರೆ, ಅದರ ಬೆಲೆ, ಕರೆ ಮಾಡುವ ಗುಂಡಿ, ಅಂಗಡಿಗೆ ದಾರಿ ಇಷ್ಟೇ ಇರಲಿ. ಕ್ಲಿಕ್ಕು ಬಿಡಿ, ಬಂದ ಕರೆಗಳನ್ನು ಎಣಿಸಿ.

ಫೋನಿನಲ್ಲಿ ಜಾಹೀರಾತೇ ನಡೆಯುವುದಿಲ್ಲ ಎಂದಲ್ಲ. 2013ರ ಸುಮಾರಿಗೆ ಹಿಂದೂಸ್ತಾನ್ ಯೂನಿಲಿವರ್ ಬಿಹಾರದಲ್ಲಿ ‘ಕಾನ್ ಖಜೂರಾ ಟೇಶನ್’ ಶುರು ಮಾಡಿತು. ವಿದ್ಯುತ್ತಿಲ್ಲದೆ ಟಿ.ವಿ. ಆರಿ ಕೂತ ಹಳ್ಳಿಗಳವು. ಒಂದು ಮಿಸ್ಡ್ ಕಾಲ್ ಕೊಟ್ಟರೆ ತಿರುಗಿ ಕರೆ ಬರುತ್ತಿತ್ತು. ಹಾಡು, ನಗೆಹನಿ, ನಡುವೆ ಸಾಬೂನಿನ ಜಾಹೀರಾತು, ಎಲ್ಲ ಪುಕ್ಕಟೆ. ಸಾಧಾರಣ ಫೋನು ಸಾಕಾಗಿತ್ತು. ಜನ ತಾವಾಗಿ ಕೇಳಿ ಕರೆಸಿಕೊಂಡ ಜಾಹೀರಾತು ಅದು!

ನಮ್ಮ ಸುದ್ದಿತಾಣಗಳು ಮಾಡುತ್ತಿರುವುದು ಇದರ ತದ್ವಿರುದ್ಧ. ಫೋನಿನ ಪುಟದಲ್ಲಿ ಬರಹದ ಭಾಗದ ಎತ್ತರದ ಶೇ 30ಕ್ಕಿಂತ ಹೆಚ್ಚನ್ನು ಜಾಹೀರಾತು ನುಂಗಬಾರದು ಎಂಬ ಮಾನದಂಡವಿದೆ. ಅದನ್ನು ಸತತವಾಗಿ ಮೀರಿದ ತಾಣಗಳ ಜಾಹೀರಾತನ್ನು 2018ರಿಂದ ಗೂಗಲ್‌ನ ಕ್ರೋಮ್ ಬ್ರೌಸರ್ ತಡೆಯುತ್ತಿದೆ. ಆದರೂ ಎರಡು ಪ್ಯಾರಾ ಓದುವಷ್ಟರಲ್ಲಿ ಮೂರು ಜಾಹೀರಾತು ದಾಟಬೇಕು.

ಅವುಗಳಲ್ಲಿರುವ ಕನ್ನಡವೋ! ‘ಈಗಲೇ ಖರೀದಿಸಿ’, ‘ಇನ್ನಷ್ಟು ಅನ್ವೇಷಿಸಿ’. ಯಾವ ಅಂಗಡಿಯಲ್ಲಿ ಯಾರು ಹೀಗೆ ಮಾತಾಡುತ್ತಾರೆ? ನಿಮ್ಮ ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸುವವರು “ಬನ್ನಿ ಅಕ್ಕ, ಇಳಕಲ್ ಹೊಸದು ಬಂದಿದೆ, ನೋಡ್ಕೊಂಡು ಹೋಗಿ” ಅನ್ನುತ್ತಾರಲ್ಲ, ಮುಂದಿನ ಹಬ್ಬಕ್ಕೆ ಅದನ್ನೇ ಬರೆಸಿ.